ಲಿನಕ್ಸ್ ವ್ಯವಸ್ಥೆಯಲ್ಲಿ ಪ್ಯಾಕೇಜುಗಳ ನಾಮಾಂತರವೂ ಅವಲಂಬನೆಗಳ ವಿರೋಧವೂ

ಲಿನಕ್ಸ್ ಕಾರ್ಯವ್ಯವಸ್ಥೆಯನ್ನು ಬಳಸುವವರಿಗೆ ಪ್ಯಾಕೇಜು ಎಂಬ ಮಾತು ಹೊಸತಲ್ಲ. ಒಂದು ತಂತ್ರಾಂಶಕ್ಕೆ ಸೇರಿದ ಕಡತಗಳನ್ನೆಲ್ಲ ಒಂದೇ ಕಟ್ಟಾಗಿ ಕಟ್ಟಿ, ಆ ಕಟ್ಟಿನ ಮೇಲೆ ಅದರ ಹೆಸರು, ಆವೃತ್ತಿಯ ಸಂಖ್ಯೆ, ಅದು ನಡೆಯುವುದಕ್ಕೆ ಬೇಕಾದ ಇತರ ಕಟ್ಟುಗಳ ಹೆಸರು ಇವಿಷ್ಟನ್ನೂ ಬರೆದಿಟ್ಟರೆ ಅದು ಪ್ಯಾಕೇಜು ಎನಿಸುತ್ತದೆ. 1993ರಲ್ಲಿ ಆರಂಭವಾದ ಡೆಬಿಯನ್ ಸಂಸ್ಥೆಯು ಡಿಪಿಕೆಜಿ ಎಂಬ ಸಾಧನದಿಂದಲೂ, ರೆಡ್ ಹ್ಯಾಟ್ ಸಂಸ್ಥೆಯು 1995ರಲ್ಲಿ ಹೊರತಂದ ಆರ್‌ಪಿಎಂ ಎಂಬ ಸಾಧನದಿಂದಲೂ ಈ ಪದ್ಧತಿಯನ್ನು ಬೆಳೆಸಿದವು. ಇಂದು ಬಳಕೆಯಲ್ಲಿರುವ ಲಿನಕ್ಸ್ ವಿತರಣೆಗಳಲ್ಲಿ ಬಹುಪಾಲು ಈ ಎರಡು ಕುಲಗಳಲ್ಲಿ ಒಂದಕ್ಕೆ ಸೇರಿದವು.

ಕಟ್ಟಿನ ಮೇಲೆ ಬರೆದ ಹೆಸರು ಬದಲಾದರೆ ಏನಾಗುತ್ತದೆಂಬುದೇ ಪ್ರಕೃತ ಲೇಖನದ ವಿಷಯ. ಮೇಲುನೋಟಕ್ಕೆ ಇದು ಕ್ಷುಲ್ಲಕವೆಂದು ತೋರಬಹುದು. ಆದರೆ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಲು ಹೊರಟಾಗ, ಯಂತ್ರವು ಪರದೆಯ ತುಂಬ ಹೆಸರುಗಳನ್ನು ಹರಡಿ, ಇವೆಲ್ಲವನ್ನೂ ತೆಗೆದುಹಾಕಲಾಗುವುದೆಂದು ತಿಳಿಸಿ, ಹೌದೋ ಅಲ್ಲವೋ ಎಂಬ ಉತ್ತರಕ್ಕಾಗಿ ಕಾದು ನಿಲ್ಲುವುದನ್ನು ಪ್ರಯೋಗಶಾಲೆಯ ಯಂತ್ರಗಳನ್ನು ನೋಡಿಕೊಳ್ಳುವ ಯಾರಾದರೂ ಕಂಡಿರುತ್ತಾರೆ. ಆ ಪಟ್ಟಿಯಲ್ಲಿ ವಿದ್ಯಾರ್ಥಿಗಳು ನಿತ್ಯ ಬಳಸುವ ತಂತ್ರಾಂಶವೂ ಇರಬಹುದು, ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ವ್ಯವಸ್ಥೆಯೇ ಇರಬಹುದು. ಅರಿಯದೆ ಹೌದೆಂದರೆ ಮರುದಿನ ಪಾಠ ನಡೆಯುವುದಿಲ್ಲ. ಹೆದರಿ ಅಲ್ಲವೆಂದೇ ಕಾಲ ಕಳೆದರೆ ಭದ್ರತೆಯ ದೋಷಗಳನ್ನು ತಿದ್ದುವ ಆವೃತ್ತಿಗಳು ಯಂತ್ರವನ್ನು ಮುಟ್ಟುವುದಿಲ್ಲ. ಇಂಥ ಪಟ್ಟಿಗಳನ್ನು ಬಿಡಿಸಿ ನೋಡಿದಾಗ, ಅನೇಕ ವೇಳೆ ಅವುಗಳ ಬುಡದಲ್ಲಿ ಯಾವುದೋ ಒಂದು ಪ್ಯಾಕೇಜಿನ ನಾಮಾಂತರವಿರುವುದು ಗೊತ್ತಾಗುತ್ತದೆ.

ಹೆಸರು ಕೇವಲ ಚೀಟಿಯಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಪ್ಯಾಕೇಜೊಂದರ ಹೆಸರು ಅದರ ಸ್ವಂತ ಚೀಟಿಯಲ್ಲಿ ಒಂದು ಸಲ ಬರೆದಿದ್ದರೆ, ಅದನ್ನು ನೆಚ್ಚಿದ ಇತರ ಪ್ಯಾಕೇಜುಗಳ ‘ಡಿಪೆಂಡ್ಸ್’ ಎಂಬ ಸಾಲುಗಳಲ್ಲಿ ನೂರು ಸಲ ಬರೆದಿರುತ್ತದೆ. ಅದನ್ನು ಸ್ಥಾಪಿಸಿಕೊಂಡ ಪ್ರತಿಯೊಂದು ಯಂತ್ರದ ದಾಖಲೆಯಲ್ಲಿಯೂ ಬರೆದಿರುತ್ತದೆ. ಹೆಸರನ್ನು ಬದಲಿಸುವವನ ಕೈಗೆ ಸಿಕ್ಕುವುದು ಮೊದಲನೆಯದು ಮಾತ್ರ. ಮಿಕ್ಕವು ಅವನ ಅಧೀನದಲ್ಲಿಲ್ಲ. ಆದಕಾರಣ ನಾಮಾಂತರವೆಂಬುದು ಒಂದು ಪ್ಯಾಕೇಜಿನ ಮೇಲೆ ನಡೆಸುವ ಕ್ರಿಯೆಯಾಗಿರದೆ, ಆ ಹೆಸರನ್ನು ನಂಬಿದ ಎಲ್ಲರೊಡನೆ ನಡೆಸಬೇಕಾದ ವ್ಯವಹಾರವಾಗಿದೆ.

ಹಾಗಾದರೆ ಹೆಸರನ್ನು ಬದಲಿಸುವುದಾದರೂ ಏಕೆ? ಕಾರಣಗಳು ಬಗೆಬಗೆಯವು. ಕೆಲವೊಮ್ಮೆ ಕಾಯಿದೆಯ ಕಾರಣವಿರುತ್ತದೆ: ಮೊಜಿಲ್ಲಾ ಸಂಸ್ಥೆಯ ವ್ಯಾಪಾರಮುದ್ರೆಯ ನಿಬಂಧನೆಗಳಿಂದಾಗಿ ಡೆಬಿಯನ್ನಿನವರು 2006ರಲ್ಲಿ ಫೈರ್‌ಫಾಕ್ಸ್ ಎಂಬ ವೀಕ್ಷಕವನ್ನು ಐಸ್‌ವೀಸೆಲ್ ಎಂದು ಕರೆದರು, ಹತ್ತು ವರ್ಷಗಳ ತರುವಾಯ, 2016ರಲ್ಲಿ, ವಿವಾದ ತಿಳಿಯಾಗಿ ಹಳೆಯ ಹೆಸರೇ ಮರಳಿತು. ಕೆಲವೊಮ್ಮೆ ಹೆಸರೇ ಸುಳ್ಳಾಗಿರುತ್ತದೆ. ಅಕ್ಷರವಿನ್ಯಾಸಗಳ ಪ್ಯಾಕೇಜುಗಳಿಗೆ ಡೆಬಿಯನ್ನಿನಲ್ಲಿ ಹಿಂದೆ ‘ಟಿಟಿಎಫ್’ ಎಂಬ ಪೂರ್ವಪದವಿತ್ತು. ಅದು ಟ್ರೂಟೈಪ್ ಎಂಬ ಒಂದು ಕಡತರೂಪದ ಸಂಕೇತ. ಬೇರೆ ರೂಪದ ಕಡತಗಳು ಬಂದ ಮೇಲೆ ಆ ಪದ ಸಲ್ಲದಾಯಿತು. ರೂಪವನ್ನು ಹೇಳದೆ ‘ಫಾಂಟ್ಸ್’ ಎಂದಷ್ಟೇ ಆರಂಭವಾಗುವ ಹೆಸರುಗಳನ್ನು ಇಡಲಾಯಿತು. ಟಿಟಿಎಫ್-ಕನ್ನಡ-ಫಾಂಟ್ಸ್ ಎಂಬ ಹೆಸರಿನಿಂದ ಕನ್ನಡದ ಅಕ್ಷರಗಳನ್ನು ತರಿಸಿಕೊಳ್ಳುತ್ತಿದ್ದವರು ಈಗ ಫಾಂಟ್ಸ್-ಕೆಎನ್‌ಡಿಎ ಎಂದು ಕೇಳಬೇಕಾಗಿರುವುದು ಈ ಕಾರಣದಿಂದ. ಅದರ ಕೊನೆಯ ನಾಲ್ಕಕ್ಷರಗಳು ಅಂತರರಾಷ್ಟ್ರೀಯ ಮಾನಕದಲ್ಲಿ ಕನ್ನಡ ಲಿಪಿಗೆ ಕೊಟ್ಟಿರುವ ಸಂಕೇತ.

ಇನ್ನು ಒಂದೇ ಹೆಸರಿಗೆ ಇಬ್ಬರು ಹಕ್ಕುದಾರರು ಎದುರಾಗುವ ಪ್ರಸಂಗಗಳುಂಟು. ಇವು ಸ್ವಾರಸ್ಯವಾದವು. ಲೀನಸ್ ಟೋರ್ವಾಲ್ಡ್ಸ್ ಅವರು 2005ರಲ್ಲಿ ಗಿಟ್ ಎಂಬ ಆವೃತ್ತಿ-ನಿಯಂತ್ರಣ ಸಾಧನವನ್ನು ರಚಿಸುವ ಹೊತ್ತಿಗೆ, ಡೆಬಿಯನ್ನಿನಲ್ಲಿ ‘ಗಿಟ್’ ಎಂಬ ಹೆಸರು ಆಗಲೇ ಗ್ನೂ ಇಂಟರ್ಯಾಕ್ಟಿವ್ ಟೂಲ್ಸ್ ಎಂಬ ಕಡತವೀಕ್ಷಕಕ್ಕೆ ಸಂದಿತ್ತು. ಹೊಸದಾಗಿ ಬಂದದ್ದು ‘ಗಿಟ್-ಕೋರ್’ ಎಂಬ ಹೆಸರಿನಲ್ಲಿ ತೃಪ್ತವಾಗಬೇಕಾಯಿತು. ಬರಬರುತ್ತ ಲೋಕದಲ್ಲಿ ಗಿಟ್ ಎಂದರೆ ಎರಡನೆಯದೇ ಎಂಬಂತಾಯಿತು. ಆಗ ಹಳೆಯ ಸಾಧನವು ‘ಗ್ನೂಇಟ್’ ಎಂಬ ಹೆಸರನ್ನು ತಾಳಿತು. 2011ರಲ್ಲಿ ಪ್ರಕಟವಾದ ಡೆಬಿಯನ್ 6ರ ಹೊತ್ತಿಗೆ ಗಿಟ್-ಕೋರ್ ಎಂಬುದು ಗಿಟ್ ಆಯಿತು. ಇಲ್ಲೊಂದು ಸೂಕ್ಷ್ಮವಿದೆ. ಹೆಸರಿನ ಹಳೆಯ ಹಕ್ಕುದಾರನ ಆವೃತ್ತಿಸಂಖ್ಯೆ 4ರಿಂದ ಆರಂಭವಾಗುತ್ತಿದ್ದರೆ, ಹೊಸಬನದು 1.7. ಯಂತ್ರವು ಹೆಸರನ್ನೂ ಸಂಖ್ಯೆಯನ್ನೂ ಮಾತ್ರ ನೋಡುವುದಾದ್ದರಿಂದ, 4ರಿಂದ 1.7ಕ್ಕೆ ಹೋಗುವುದು ಅದಕ್ಕೆ ಏರಿಕೆಯಾಗಿ ಕಾಣದೆ ಇಳಿಕೆಯಾಗಿ ಕಾಣಬೇಕು. ಆವೃತ್ತಿಸಂಖ್ಯೆಯ ಮುಂದೆ ‘1:’ ಎಂದು ಸೇರಿಸುವ ಯುಗಸಂಖ್ಯೆ ಎಂಬ ಉಪಾಯವೊಂದುಂಟು. ಅದು ಹಿಂದಿನ ಎಲ್ಲ ಸಂಖ್ಯೆಗಳಿಗಿಂತ ಮೇಲೆನಿಸುತ್ತದೆ. ಗಿಟ್ ಪ್ಯಾಕೇಜಿನ ಸಂಖ್ಯೆಯ ಮುಂದಿದ್ದ ಈ ಗುರುತು ಆ ಇಳಿಕೆಯ ತೊಡಕನ್ನು ತಡೆಯಿತು. ಇಂದಿಗೂ ಅದು ಅಲ್ಲಿಯೇ ಇದೆ. ಯುಗಸಂಖ್ಯೆಯನ್ನು ಒಮ್ಮೆ ಸೇರಿಸಿದ ಮೇಲೆ ತೆಗೆಯಲು ದಾರಿಯಿಲ್ಲ.

‘ನೋಡ್’ ಎಂಬ ಹೆಸರಿಗಾಗಿ ನಡೆದ ವ್ಯಾಜ್ಯ ಇದಕ್ಕಿಂತ ಕಠಿನವಾಗಿತ್ತು. ಹವ್ಯಾಸಿ ರೇಡಿಯೋ ಬಳಗದವರ ಒಂದು ಕಾರ್ಯಕ್ರಮಕ್ಕೆ ಆ ಹೆಸರು ಮೊದಲಿಂದಲೂ ಇತ್ತು. ಜಾವಾಸ್ಕ್ರಿಪ್ಟ್ ಭಾಷೆಯ ನೋಡ್‌ಜೆಎಸ್ ಕೂಡ ಅದೇ ಹೆಸರಿನ ಆದೇಶವನ್ನು ಕೇಳಿತು. ಭಿನ್ನ ಕಾರ್ಯಗಳನ್ನು ಮಾಡುವ ಎರಡು ಕಾರ್ಯಕ್ರಮಗಳು ಒಂದೇ ಹೆಸರನ್ನು ಹೊಂದಕೂಡದು, ಒಮ್ಮತ ಮೂಡದಿದ್ದರೆ ಎರಡೂ ಹೆಸರು ಬದಲಿಸಿಕೊಳ್ಳಬೇಕು ಎಂಬುದು ಡೆಬಿಯನ್ನಿನ ನಿಯಮ. ವಿಷಯ ತಾಂತ್ರಿಕ ಸಮಿತಿಯವರೆಗೆ ಹೋಗಿ, 2012ರಲ್ಲಿ ಇಬ್ಬರೂ ಆ ಹೆಸರನ್ನು ಬಿಡತಕ್ಕದ್ದೆಂಬ ತೀರ್ಮಾನವಾಯಿತು. ನಿಯಮದ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಪ್ರಪಂಚದಲ್ಲಿ ಬರೆಯಲ್ಪಟ್ಟ ಅಸಂಖ್ಯಾತ ಜಾವಾಸ್ಕ್ರಿಪ್ಟ್ ಕಡತಗಳು ತಮ್ಮ ಮೊದಲ ಸಾಲಿನಲ್ಲಿಯೇ ‘ನೋಡ್’ ಎಂದು ಕರೆಯುತ್ತಿದ್ದವು. ಹಳೆಯ ಹೆಸರನ್ನು ಹೊಸದಕ್ಕೆ ಜೋಡಿಸುವ ‘ನೋಡ್‌ಜೆಎಸ್-ಲೆಗಸಿ’ ಎಂಬ ಪ್ರತ್ಯೇಕ ಪ್ಯಾಕೇಜನ್ನೇ ಇಡಬೇಕಾಯಿತು. 2017ರಲ್ಲಿ ಸಮಿತಿಯು ತನ್ನ ತೀರ್ಮಾನವನ್ನು ಹಿಂತೆಗೆದುಕೊಂಡಿತು. ಹೊರಗಿನ ಕಡತಗಳು ನೆಚ್ಚಿದ ಹೆಸರನ್ನು ಒಳಗಿನ ನಿಯಮದಿಂದ ಅಳಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ದೊರೆತಿಲ್ಲ.

ಈಗ ನಾಮಾಂತರದ ವಿಧಾನವನ್ನು ನೋಡೋಣ. ವಿವರಣೆಯ ಸೌಕರ್ಯಕ್ಕಾಗಿ ಹಳೆಯ ಹೆಸರು ‘ಅ’ ಎಂತಲೂ ಹೊಸ ಹೆಸರು ‘ಬ’ ಎಂತಲೂ ಇರಲಿ. ಒಳಗಿನ ಕಡತಗಳು ಅವೇ. ಚೀಟಿಯಲ್ಲಿ ಹೆಸರನ್ನು ಮಾತ್ರ ತಿದ್ದಿ ‘ಬ’ವನ್ನು ಹೊರಡಿಸಿದೆವೆಂದು ಭಾವಿಸೋಣ. ‘ಅ’ ಇರುವ ಯಂತ್ರದಲ್ಲಿ ‘ಬ’ವನ್ನು ಸ್ಥಾಪಿಸಲು ಹೋದರೆ ಡಿಪಿಕೆಜಿ ಅಲ್ಲಿಯೇ ನಿಲ್ಲುತ್ತದೆ. ಪ್ರತಿಯೊಂದು ಕಡತವೂ ಯಾವ ಪ್ಯಾಕೇಜಿನದೆಂಬ ದಾಖಲೆ ಅದರ ಬಳಿ ಇರುತ್ತದೆ. ಇದನ್ನು ಜಮೀನಿನ ಪಹಣಿಗೆ ಹೋಲಿಸಬಹುದು. ಒಬ್ಬನ ಖಾತೆಯಲ್ಲಿರುವ ಕಡತದ ಮೇಲೆ ಇನ್ನೊಬ್ಬನು ಬರೆಯಲು ಅದು ಬಿಡುವುದಿಲ್ಲ.

ಇದಕ್ಕೆ ‘ರಿಪ್ಲೇಸಸ್’ ಎಂಬ ಸಾಲಿನಿಂದ ಪರಿಹಾರ ದೊರೆಯುತ್ತದೆ. ‘ಬ’ದ ಚೀಟಿಯಲ್ಲಿ ಅದು ‘ಅ’ವನ್ನು ರಿಪ್ಲೇಸ್ ಮಾಡುತ್ತದೆಂದು ಬರೆದರೆ ಖಾತೆ ಬದಲಾವಣೆಗೆ ಒಪ್ಪಿಗೆ ಸಿಕ್ಕಂತೆ. ಆದರೆ ಈ ಒಂದು ಸಾಲನ್ನೇ ಬರೆದು ಸುಮ್ಮನಾಗುವುದು ಅಪಾಯಕರ. ಖಾತೆ ಬದಲಾದರೂ ‘ಅ’ ಯಂತ್ರದಲ್ಲಿಯೇ ಉಳಿದಿರುತ್ತದೆ. ಅದರ ಕಡತಗಳು ಮಾತ್ರ ‘ಬ’ದ ವಶದಲ್ಲಿರುತ್ತವೆ. ಮುಂದೊಂದು ದಿನ ಯಾರಾದರೂ ‘ಬ’ವನ್ನು ತೆಗೆದುಹಾಕಿದರೆ ಕಡತಗಳೂ ಅದರೊಡನೆ ಹೋಗುತ್ತವೆ. ದಾಖಲೆಯಲ್ಲಿ ‘ಅ’ ಸುಸ್ಥಿತಿಯಲ್ಲಿರುವ ಹಾಗೆ ಕಾಣುತ್ತದೆ. ವಾಸ್ತವದಲ್ಲಿ ಅದರ ಮನೆ ಬರಿದು. ಆದ್ದರಿಂದ ರಿಪ್ಲೇಸಸ್ ಎಂಬುದರ ಜತೆಗೆ ‘ಬ್ರೇಕ್ಸ್’ ಎಂಬ ಸಾಲನ್ನು ಬರೆಯಬೇಕೆಂದು ಡೆಬಿಯನ್ ನಿಯಮಾವಳಿ ಹೇಳುತ್ತದೆ. ‘ಅ’ದ ಇಂತಿಂಥ ಹಳೆಯ ಆವೃತ್ತಿಗಳು ‘ಬ’ದೊಡನೆ ಬಾಳಲಾರವೆಂಬುದು ಆ ಸಾಲಿನ ತಾತ್ಪರ್ಯ.

ಬ್ರೇಕ್ಸ್ ಎಂಬುದಕ್ಕೂ ‘ಕಾನ್‌ಫ್ಲಿಕ್ಟ್ಸ್’ ಎಂಬುದಕ್ಕೂ ಭೇದವಿದೆ. ಇಲ್ಲಿ ಅನೇಕರು ತಪ್ಪು ತಿಳಿಯುತ್ತಾರಾದ್ದರಿಂದ ಎರಡು ಮಾತು ಹೇಳುವುದು ಉಚಿತ. ಕಾನ್‌ಫ್ಲಿಕ್ಟ್ಸ್ ಎಂದರೆ ಇಬ್ಬರೂ ಒಂದು ಕ್ಷಣವೂ ಒಂದೇ ಮನೆಯಲ್ಲಿ ಇರಕೂಡದೆಂದು ಅರ್ಥ: ‘ಬ’ದ ಕಟ್ಟನ್ನು ಬಿಚ್ಚುವುದಕ್ಕೆ ಮೊದಲೇ ‘ಅ’ ಹೊರಗೆ ಹೋಗಿರಬೇಕು. ಬ್ರೇಕ್ಸ್ ಅಷ್ಟು ನಿಷ್ಠುರವಲ್ಲ. ‘ಬ’ದ ಕಟ್ಟನ್ನು ಬಿಚ್ಚುವಾಗ ‘ಅ’ ಇನ್ನೂ ಇದ್ದರೂ ನಡೆಯುತ್ತದೆ. ‘ಅ’ವನ್ನು ಅಷ್ಟು ಹೊತ್ತು ನಿಷ್ಕ್ರಿಯವೆಂದು ಗುರುತಿಸಿದರೆ ಸಾಕು. ಸಾವಿರಾರು ಪ್ಯಾಕೇಜುಗಳು ಒಟ್ಟಿಗೆ ಬದಲಾಗುವ ಮಹಾ ಉನ್ನತೀಕರಣದಲ್ಲಿ ಯಾವುದನ್ನು ಮೊದಲು ಬಿಚ್ಚಬೇಕು, ಯಾವುದನ್ನು ಆಮೇಲೆ ಎಂಬ ಕ್ರಮವನ್ನು ಯಂತ್ರವೇ ಹುಡುಕಬೇಕು. ಕಾನ್‌ಫ್ಲಿಕ್ಟ್ಸ್ ಎಂಬ ಸಾಲುಗಳು ಹೆಚ್ಚಿದಷ್ಟೂ ಆ ಹುಡುಕಾಟದ ದಾರಿಗಳು ಮುಚ್ಚುತ್ತ ಹೋಗುತ್ತವೆ. ಅವಶ್ಯವಿಲ್ಲದ ಕಡೆ ಕಾನ್‌ಫ್ಲಿಕ್ಟ್ಸ್ ಎಂದು ಬರೆಯುವುದು ನೆರೆಯವನ ಮೇಲೆ ಕಾರಣವಿಲ್ಲದೆ ದಾವೆ ಹೂಡಿದಂತೆ.

ಕಡತಗಳ ಸ್ವಾಮ್ಯವೇನೋ ಬಗೆಹರಿಯಿತು. ‘ಅ’ ಬೇಕೆಂದು ಬರೆದುಕೊಂಡಿರುವ ಇತರ ಪ್ಯಾಕೇಜುಗಳ ಗತಿಯೇನು? ಅದಕ್ಕೆ ‘ಪ್ರೊವೈಡ್ಸ್’ ಎಂಬ ಸಾಲಿದೆ. ನ್ಯಾಯಾಲಯದ ಕಾಗದಗಳಲ್ಲಿ ಒಬ್ಬನ ಎರಡು ಹೆಸರುಗಳ ನಡುವೆ ‘ಉರುಫ್’ ಎಂದು ಬರೆಯುತ್ತಾರಷ್ಟೆ, ಇದು ಅದೇ. ‘ಬ’ ಉರುಫ್ ‘ಅ’ ಎಂದಮೇಲೆ, ‘ಅ’ವನ್ನು ಕೇಳುವವರಿಗೆ ‘ಬ’ ಸಲ್ಲುತ್ತದೆ. ಆದರೆ ‘ಅ’ದ 2ನೆಯ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಬೇಕೆಂದು ಕೇಳುವವರಿಗೆ, ಸಂಖ್ಯೆಯಿಲ್ಲದ ಉರುಫ್ ಸಾಲದು. 2014ರವರೆಗೆ ಡಿಪಿಕೆಜಿಯಲ್ಲಿ ಪ್ರೊವೈಡ್ಸ್ ಸಾಲಿಗೆ ಆವೃತ್ತಿಸಂಖ್ಯೆಯನ್ನು ಬರೆಯುವ ಸೌಲಭ್ಯವೇ ಇರಲಿಲ್ಲ. ಆ ಕಾಲದ ನಾಮಾಂತರಗಳಲ್ಲಿ ಕಾಣುವ ಅನೇಕ ಸುತ್ತುಬಳಸುಗಳಿಗೆ ಕಾರಣ ಇದೇ.

ಇಷ್ಟೆಲ್ಲ ಬರೆದಮೇಲೂ ಒಂದು ಕೊರತೆ ಉಳಿಯುತ್ತದೆ; ಮತ್ತು ಅದೇ ಮುಖ್ಯವಾದದ್ದು. ‘ಅ’ವನ್ನು ಸ್ಥಾಪಿಸಿಕೊಂಡವನು ಉನ್ನತೀಕರಣದ ಆದೇಶ ಕೊಟ್ಟಾಗ, ಆಪ್ಟ್ ಎಂಬ ಮೇಲಿನ ಸಾಧನವು ‘ಅ’ ಎಂಬ ಹೆಸರಿನಲ್ಲಿಯೇ ಹೊಸ ಆವೃತ್ತಿ ಇದೆಯೇ ಎಂದು ನೋಡುತ್ತದೆ. ಇಲ್ಲವೆಂದರೆ ಅದರ ಪಾಲಿಗೆ ಮಾಡುವ ಕೆಲಸವಿಲ್ಲ. ‘ಬ’ ಎಂಬುದೊಂದು ಎಲ್ಲಿಯೋ ಇದ್ದು, ತಾನೇ ‘ಅ’ ಎಂದು ಹೇಳಿಕೊಳ್ಳುತ್ತಿದೆ ಎಂಬ ಮಾತ್ರಕ್ಕೆ, ಕೇಳದವನ ಮನೆಗೆ ಅದನ್ನು ತಂದು ಇಳಿಸುವುದು ಡೆಬಿಯನ್ನಿನ ಸಂಪ್ರದಾಯವಲ್ಲ. ಹೀಗಾಗಿ ಆ ಯಂತ್ರದಲ್ಲಿ ಹಳೆಯ ‘ಅ’ ಹಾಗೆಯೇ ಕುಳಿತಿರುತ್ತದೆ, ತಿದ್ದುಪಡಿಗಳು ಅದಕ್ಕೆ ಬರುವುದಿಲ್ಲ, ಯಾವ ದೋಷಸೂಚನೆಯೂ ಕಾಣುವುದಿಲ್ಲ. ಸದ್ದಿಲ್ಲದ ಈ ಸ್ಥಿತಿಯು ಪರದೆ ತುಂಬ ದೋಷಗಳನ್ನು ತೋರಿಸುವ ಸ್ಥಿತಿಗಿಂತ ಕೆಟ್ಟದ್ದೆಂದು ನಮ್ಮ ಅಭಿಪ್ರಾಯ.

ಇದರ ನಿವಾರಣೆಗಾಗಿ ‘ಅ’ ಎಂಬ ಹಳೆಯ ಹೆಸರಿನಲ್ಲಿಯೇ, ಹೆಚ್ಚಿನ ಸಂಖ್ಯೆಯೊಡನೆ, ಒಳಗೆ ಏನೂ ಇಲ್ಲದ ಒಂದು ಪ್ಯಾಕೇಜನ್ನು ಹೊರಡಿಸುತ್ತಾರೆ. ‘ಬ’ ಬೇಕು ಎಂಬ ಒಂದು ಸಾಲೇ ಅದರ ಸರ್ವಸ್ವ. ಹಳೆಯ ವಿಳಾಸದಲ್ಲಿ ಒಬ್ಬನನ್ನು ಕೂರಿಸಿ, ಬಂದವರಿಗೆಲ್ಲ ಹೊಸ ಮನೆಯ ದಾರಿಯನ್ನು ಹೇಳಿಸಿದ ಹಾಗೆ. ಇದನ್ನು ಸಂಕ್ರಮಣ-ಪ್ಯಾಕೇಜು ಎನ್ನೋಣ. ಒಂದು ಪ್ರಕಟಣೆಯ ಅವಧಿ ಅದನ್ನು ಇಟ್ಟುಕೊಂಡು ಮುಂದಿನದರಲ್ಲಿ ಬಿಡುವುದು ವಾಡಿಕೆ. ಇದರ ಇನ್ನೊಂದು ಪ್ರಯೋಜನ ಅಷ್ಟಾಗಿ ಪ್ರಸಿದ್ಧವಲ್ಲ. ಪ್ಯಾಕೇಜನ್ನು ಅಳಿಸುವಾಗ ನಡೆಯುವ ಒಂದು ಲಿಪಿ ಅದರೊಡನೆಯೇ ಯಂತ್ರದಲ್ಲಿ ಉಳಿದಿರುತ್ತದೆ. ದತ್ತಾಂಶದ ಕೋಶಗಳನ್ನು ಅಳಿಸುವ ಕೆಲಸವನ್ನು ಅದು ಮಾಡಬಹುದು. ಹೆಸರು ಬದಲಾದ ಮೇಲೆ ಆ ದತ್ತಾಂಶ ‘ಬ’ದ್ದು, ಆದರೆ ‘ಅ’ದ ಲಿಪಿಗೆ ಅದು ತಿಳಿಯದು. ಸಂಕ್ರಮಣ-ಪ್ಯಾಕೇಜು ಬಂದಾಗ ಹಳೆಯ ಲಿಪಿಯ ಜಾಗದಲ್ಲಿ ಏನನ್ನೂ ಅಳಿಸದ ಹೊಸ ಲಿಪಿ ಬರುವುದರಿಂದ ಆ ಭಯ ತಪ್ಪುತ್ತದೆ.

ಆಪ್ಟ್ ಈ ಸಂದರ್ಭದಲ್ಲಿ ತೋರುವ ಒಂದು ಜಾಣತನವನ್ನೂ ಹೇಳಬೇಕು. ಬಳಸುವವನು ತಾನಾಗಿ ಕೇಳಿ ತರಿಸಿಕೊಂಡ ಪ್ಯಾಕೇಜು ಯಾವುದು, ಬೇರೊಂದರ ಅವಲಂಬನೆಯಾಗಿ ಬಂದದ್ದು ಯಾವುದು ಎಂಬ ಗುರುತು ಅದರ ಬಳಿ ಇರುತ್ತದೆ. ಎರಡನೆಯ ಬಗೆಯವು ಯಾರಿಗೂ ಬೇಡವಾದಾಗ ತೆಗೆದುಹಾಕಲು ಅರ್ಹವಾಗುತ್ತವೆ. ಬಳಸುವವನು ಕೇಳಿದ್ದು ‘ಅ’. ‘ಬ’ ಬಂದದ್ದು ಅದರ ಅವಲಂಬನೆಯಾಗಿ. ಹೀಗಿರುವಲ್ಲಿ, ಬರಿದಾದ ‘ಅ’ವನ್ನು ತೆಗೆದೊಡನೆ ‘ಬ’ವೂ ಬೇಡದ್ದೆಂದು ಎಣಿಸಲ್ಪಡುವ ಸಂಭವವುಂಟು. ಸಂಕ್ರಮಣ-ಪ್ಯಾಕೇಜುಗಳನ್ನು ‘ಓಲ್ಡ್‌ಲಿಬ್ಸ್’ ಎಂಬ ವಿಭಾಗದಲ್ಲಿ ಸೇರಿಸುವುದು ಇದಕ್ಕಾಗಿಯೇ. ಆ ವಿಭಾಗದವುಗಳ ವಿಷಯದಲ್ಲಿ ಆಪ್ಟ್ ‘ತಾನಾಗಿ ಕೇಳಿದ್ದು’ ಎಂಬ ಗುರುತನ್ನು ‘ಅ’ದಿಂದ ‘ಬ’ಕ್ಕೆ ವರ್ಗಾಯಿಸುತ್ತದೆ.

ಆರ್‌ಪಿಎಂ ಕುಲದವರ ಮಾರ್ಗ ಬೇರೆ. ಅಲ್ಲಿ ‘ಆಬ್ಸೊಲೀಟ್ಸ್’ ಎಂಬ ಸಾಲಿದೆ. ‘ಬ’ದ ಚೀಟಿಯಲ್ಲಿ ಅದು ‘ಅ’ವನ್ನು ನಿರುಪಯುಕ್ತಗೊಳಿಸುತ್ತದೆಂದು ಬರೆದರೆ, ಉನ್ನತೀಕರಣದ ಸಮಯದಲ್ಲಿ ‘ಅ’ ಹೋಗಿ ‘ಬ’ ತಾನಾಗಿಯೇ ಬರುತ್ತದೆ. ಬರಿದಾದ ಪ್ಯಾಕೇಜಿನ ಅಗತ್ಯವಿಲ್ಲ. ಆರ್ಚ್ ಎಂಬ ವಿತರಣೆಯ ಪ್ಯಾಕ್‌ಮನ್ ಸಾಧನದಲ್ಲಿಯೂ ‘ರಿಪ್ಲೇಸಸ್’ ಎಂಬ ಹೆಸರಿನ ಸಾಲು ಇದೇ ಕೆಲಸವನ್ನು ಮಾಡುತ್ತದೆ, ಬಳಸುವವನ ಒಪ್ಪಿಗೆಯನ್ನು ಕೇಳಿ. ಡೆಬಿಯನ್ನಿನ ರಿಪ್ಲೇಸಸ್ ಕಡತಗಳ ಖಾತೆಯನ್ನು ಕುರಿತದ್ದು, ಆರ್ಚ್‌ನ ರಿಪ್ಲೇಸಸ್ ಇಡೀ ಪ್ಯಾಕೇಜಿನ ಸ್ಥಾನವನ್ನು ಕುರಿತದ್ದು. ಪದ ಒಂದೇ ಆದರೂ ಅರ್ಥ ಬೇರೆ. ಒಂದರಿಂದ ಇನ್ನೊಂದಕ್ಕೆ ಬಂದವರು ಮೋಸಹೋಗುವುದು ಇಲ್ಲಿಯೇ. ಆಬ್ಸೊಲೀಟ್ಸ್ ಸಾಲಿನಲ್ಲಿ ‘ಇಂತಿಂಥ ಸಂಖ್ಯೆಗಿಂತ ಹಳೆಯದಾದ ಅ’ ಎಂದು ಮಿತಿಯನ್ನು ಹಾಕಬೇಕೆಂದೂ, ಜತೆಗೆ ಪ್ರೊವೈಡ್ಸ್ ಸಾಲನ್ನೂ ಬರೆಯಬೇಕೆಂದೂ ಫೆಡೋರಾದ ನಿಯಮಗಳು ಹೇಳುತ್ತವೆ. ಮಿತಿಯಿಲ್ಲದೆ ಬರೆದರೆ, ಮುಂದೆಂದಾದರೂ ‘ಅ’ ಎಂಬ ಹೆಸರು ನ್ಯಾಯವಾಗಿಯೇ ಮರಳಿ ಬಂದಾಗ ಅದನ್ನೂ ‘ಬ’ ನುಂಗಿಬಿಡುತ್ತದೆ.

ಎರಡು ಕುಲಗಳಲ್ಲಿ ಯಾವುದು ಮೇಲೆಂದು ಕೇಳುವವರಿಗೆ ಒಂದೇ ಮಾತಿನ ಉತ್ತರವಿಲ್ಲ. ಕಾರ್ಯಕ್ರಮಗಳ ನಾಮಾಂತರದಲ್ಲಿ ಆಬ್ಸೊಲೀಟ್ಸ್ ಸರಳವಾದದ್ದು, ಸಂದೇಹವಿಲ್ಲ. ಆದರೆ ಲೈಬ್ರರಿಗಳ ವಿಷಯಕ್ಕೆ ಬಂದರೆ ಕಥೆ ಜಟಿಲವಾಗುತ್ತದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು.

ಲೈಬ್ರರಿ ಎಂದರೆ ಅನೇಕ ಕಾರ್ಯಕ್ರಮಗಳು ಹಂಚಿಕೊಂಡು ಬಳಸುವ ಯಂತ್ರಸಂಕೇತದ ಕಡತ. ಅದರೊಳಗೆ ‘ಸೋನೇಮ್’ ಎಂಬ ಒಂದು ಹೆಸರನ್ನು ಅದರ ಮೂಲಕರ್ತರು ಕೊರೆದಿರುತ್ತಾರೆ. ಹಳೆಯ ಕಾರ್ಯಕ್ರಮಗಳಿಗೆ ಹೊಂದದಂಥ ಬದಲಾವಣೆ ಮಾಡಿದಾಗ ಅವರು ಆ ಹೆಸರಿನ ಕೊನೆಯ ಅಂಕಿಯನ್ನು ಬದಲಿಸುವುದು ಪದ್ಧತಿ. ಡೆಬಿಯನ್ನಿನಲ್ಲಿ ಪ್ಯಾಕೇಜಿನ ಹೆಸರು ಇದನ್ನು ಅನುಸರಿಸುತ್ತದೆ. ಲಿಬ್‌ಎಸ್‌ಎಸ್‌ಎಲ್3 ಎಂಬುದರಲ್ಲಿರುವ 3 ಹೀಗೆ ಬಂದದ್ದು. ಆರ್‌ಪಿಎಂ ಕುಲದಲ್ಲಿ ಅವಲಂಬನೆಗಳನ್ನು ಪ್ಯಾಕೇಜಿನ ಹೆಸರಿನಿಂದ ಬರೆಯದೆ ನೇರವಾಗಿ ಸೋನೇಮಿನಿಂದಲೇ ಬರೆಯುತ್ತಾರೆ. ಆದುದರಿಂದ ಅಲ್ಲಿ ಲೈಬ್ರರಿಯ ಪ್ಯಾಕೇಜಿಗೆ ಯಾವ ಹೆಸರಿಟ್ಟರೂ ಹೆಚ್ಚಿನ ಬಾಧಕವಿಲ್ಲ. ಇದು ಅವರ ಕಡೆಯ ಗುಣ. ಆದರೆ ಸೋನೇಮ್ ಬದಲಾಗದೆ ಒಳಗಿನ ವಿನ್ಯಾಸ ಮಾತ್ರ ಬದಲಾಗುವ ಸಂದರ್ಭಗಳಿವೆ. ಅಂಥಲ್ಲಿ ಆ ಭೇದವನ್ನು ಹೇಳಲು ಡೆಬಿಯನ್ನಿನವರ ಕೈಯಲ್ಲಿ ಇನ್ನೊಂದು ಹೆಸರಿದೆ: ಪ್ಯಾಕೇಜಿನದು.

ಈ ಉಪಾಯವನ್ನು ಅವರು ಪದೇಪದೇ ಬಳಸಿದ್ದಾರೆ. 1998ರಲ್ಲಿ ಪ್ರಕಟವಾದ ಡೆಬಿಯನ್ 2.0ರಲ್ಲಿ ವ್ಯವಸ್ಥೆಯ ತಳಹದಿಯಾದ ಸಿ ಲೈಬ್ರರಿಯು 5ರಿಂದ 6ಕ್ಕೆ ಬದಲಾದಾಗ, ಅದಕ್ಕೆ ತಕ್ಕಂತೆ ಪುನಃ ಕಟ್ಟಿದ ಲೈಬ್ರರಿಗಳ ಹೆಸರಿಗೆ ‘ಜಿ’ ಎಂಬ ಅಕ್ಷರವನ್ನು ಹಚ್ಚಿದರು. ಸಿ++ ಭಾಷೆಯ ಸಂಕಲಕದ ಒಳವಿನ್ಯಾಸ ಬದಲಾದಾಗಲೆಲ್ಲ ಇಂಥವೇ ಬಾಲಗಳು ಬಂದವು: ಜಿಸಿಸಿ 3.2ರ ಕಾಲದಲ್ಲಿ ‘ಸಿ102’, 2005ರಲ್ಲಿ ‘ಸಿ2’, ಬಳಿಕ ‘ಸಿ2ಎ’, 2015ರಲ್ಲಿ ಜಿಸಿಸಿ 5 ಬಂದಾಗ ‘ವಿ5’. ಮೂಲಕರ್ತರು ಸೋನೇಮನ್ನೇ ಬದಲಿಸಿದ ದಿನ ಈ ಬಾಲವನ್ನು ಕತ್ತರಿಸಬಹುದು. ಅಲ್ಲಿಯವರೆಗೆ ಅದು ಉಳಿಯತಕ್ಕದ್ದೇ.

ಈ ಪರಂಪರೆಯಲ್ಲಿ ಅತ್ಯಂತ ದೊಡ್ಡದು 2024ರಲ್ಲಿ ನಡೆದ ‘ಟಿ64’ ಸಂಕ್ರಮಣ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಸಂಖ್ಯೆಯಿಂದ ಕಾಲವನ್ನು ಎಣಿಸುತ್ತವೆ. ಚಿಹ್ನೆಸಹಿತವಾದ 32 ಬಿಟ್ಟುಗಳಲ್ಲಿ ಹಿಡಿಯುವ ಅತಿದೊಡ್ಡ ಸಂಖ್ಯೆ 2,147,483,647. ಜಾಗತಿಕ ಕಾಲಮಾನದಲ್ಲಿ 2038ರ ಜನವರಿ 19ರಂದು 3 ಗಂಟೆ 14 ನಿಮಿಷ 7 ಸೆಕೆಂಡಿಗೆ, ಎಂದರೆ ಭಾರತದಲ್ಲಿ ಅಂದು ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಆ ಎಣಿಕೆ ತುಂಬುತ್ತದೆ. ಮರುಕ್ಷಣ ಅದು ಋಣಸಂಖ್ಯೆಯಾಗಿ 1901ನೆಯ ಇಸವಿಗೆ ಹಾರುತ್ತದೆ. 64 ಬಿಟ್ಟಿನ ಯಂತ್ರಗಳಲ್ಲಿ ಈ ತೊಂದರೆಯಿಲ್ಲ. ಆದರೆ 32 ಬಿಟ್ಟಿನ ಆರ್ಮ್ ಸಂಸ್ಕಾರಕಗಳು ಉಪಕರಣಗಳ ಒಳಗೆ ಅಡಗಿ ದೀರ್ಘಕಾಲ ದುಡಿಯತಕ್ಕವು. ಇಂದು ಅಳವಡಿಸಿದ್ದು 2038ರಲ್ಲಿಯೂ ನಡೆಯುತ್ತಿರಬಹುದು. ಆದ್ದರಿಂದ ಅಂಥ ಯಂತ್ರಗಳ ಡೆಬಿಯನ್ನಿನಲ್ಲಿ ಕಾಲದ ಸಂಖ್ಯೆಯನ್ನು 64 ಬಿಟ್ಟಿಗೆ ಹಿಗ್ಗಿಸಲು ನಿರ್ಧರಿಸಿದರು.

ಹಿಗ್ಗಿಸಿದೊಡನೆ, ಕಾಲವನ್ನು ಕೊಡುವ ಕೊಳ್ಳುವ ಲೈಬ್ರರಿಗಳೆಲ್ಲವುಗಳ ಒಳವಿನ್ಯಾಸ ಬದಲಾಗುತ್ತದೆ. ಹಳೆಯ ಕಾರ್ಯಕ್ರಮ 4 ಬೈಟುಗಳನ್ನು ಎದುರುನೋಡಿದ ಕಡೆ ಹೊಸ ಲೈಬ್ರರಿ 8 ಬೈಟುಗಳನ್ನು ಇಡುತ್ತದೆ. ಮೂಲಕರ್ತರು ಮಾಡಿದ ಬದಲಾವಣೆ ಇದಲ್ಲವಾದ್ದರಿಂದ ಸೋನೇಮನ್ನು ಮುಟ್ಟುವಂತಿಲ್ಲ. ಹೀಗಾಗಿ ನೂರಾರು ಲೈಬ್ರರಿ ಪ್ಯಾಕೇಜುಗಳ ಹೆಸರಿಗೆ ಒಟ್ಟಿಗೇ ‘ಟಿ64’ ಎಂಬ ಬಾಲ ಬಂತು: ಲಿಬ್‌ಎಸ್‌ಎಸ್‌ಎಲ್3 ಹೋಗಿ ಲಿಬ್‌ಎಸ್‌ಎಸ್‌ಎಲ್3ಟಿ64 ಆಯಿತು. ಹೆಸರು ಬೇರೆಯಾದರೂ ಒಳಗಿನ ಕಡತದ ಹೆಸರು ಒಂದೇ ಆದುದರಿಂದ ಹಳೆಯದೂ ಹೊಸದೂ ಒಟ್ಟಿಗೆ ಇರಲಾರವು. ಆದಕಾರಣ ಮೇಲೆ ವಿವರಿಸಿದ ಬ್ರೇಕ್ಸ್, ರಿಪ್ಲೇಸಸ್ ಎರಡೂ ಬೇಕಾದವು. ಪ್ರೊವೈಡ್ಸ್ ವಿಷಯದಲ್ಲಿ ತೋರಿದ ವಿವೇಚನೆ ಮೆಚ್ಚತಕ್ಕದ್ದು. 64 ಬಿಟ್ಟಿನ ಯಂತ್ರಗಳಲ್ಲಿ ಒಳವಿನ್ಯಾಸ ಬದಲಾಗಿಲ್ಲವಾದ್ದರಿಂದ ಹೊಸ ಪ್ಯಾಕೇಜು ಹಳೆಯ ಹೆಸರನ್ನೂ ಉರುಫ್ ಎಂದು ಹೇಳಿಕೊಳ್ಳುತ್ತದೆ. ಹಳೆಯ ಕಾರ್ಯಕ್ರಮಗಳು ನಿಶ್ಚಿಂತೆಯಿಂದ ನಡೆಯುತ್ತವೆ. 32 ಬಿಟ್ಟಿನ ಆರ್ಮ್ ಯಂತ್ರಗಳಲ್ಲಿ ಆ ಉರುಫ್ ಇಲ್ಲ. ಅಲ್ಲಿ ಅದು ಸುಳ್ಳಾಗುತ್ತಿತ್ತು. ಅಲ್ಲಿ ಪ್ರತಿಯೊಂದು ಕಾರ್ಯಕ್ರಮವನ್ನೂ ಪುನಃ ಕಟ್ಟಿ ಹೊಸ ಹೆಸರನ್ನು ಅದರ ಡಿಪೆಂಡ್ಸ್ ಸಾಲಿನಲ್ಲಿ ಬರೆಯಬೇಕು. ಇಂಟೆಲ್ಲಿನ ಹಳೆಯ 32 ಬಿಟ್ಟಿನ ಐ386 ಶಾಖೆಯನ್ನು ಈ ಬದಲಾವಣೆಯಿಂದ ಹೊರಗಿಟ್ಟರು. ಪುನಃ ಕಟ್ಟಲಾಗದ ಹಳೆಯ ಕಾರ್ಯಕ್ರಮಗಳನ್ನು ನಡೆಸುವುದೇ ಇಂದು ಆ ಶಾಖೆಯ ಮುಖ್ಯ ಪ್ರಯೋಜನವಾಗಿರುವುದರಿಂದ.

ಲಿಪಿಗಳ ಅಪಾಯವನ್ನು ಕುರಿತು ಮೇಲೆ ಹೇಳಿದ್ದು ಈ ಸಂಕ್ರಮಣದಲ್ಲಿ ಕಣ್ಣಾರೆ ಕಂಡುಬಂತು. ಜಿಲಿಬ್ ಎಂಬ ಲೈಬ್ರರಿಯ ಹಳೆಯ ಪ್ಯಾಕೇಜನ್ನು ಅಳಿಸುವಾಗ ಅದರ ಲಿಪಿಯು, ಅನೇಕ ಕಾರ್ಯಕ್ರಮಗಳು ತಮ್ಮ ಆಯ್ಕೆಗಳನ್ನು ಓದಿಕೊಳ್ಳುವ ಒಂದು ಸಂಕಲಿತ ಕಡತವನ್ನು ಅಳಿಸುತ್ತಿತ್ತು. ಹೊಸ ಹೆಸರಿನ ಜಿಲಿಬ್ ಅದೇ ಕಡತವನ್ನು ನೆಚ್ಚಿತ್ತು. ಲೈಬ್ರರಿಗಳಿಗೆ ಸಂಕ್ರಮಣ-ಪ್ಯಾಕೇಜು ಇಡುವ ರೂಢಿಯಿಲ್ಲವಾಗಿ, ಹಳೆಯ ಲಿಪಿಯನ್ನು ತಡೆಯುವವರಿರಲಿಲ್ಲ. ಕೊನೆಗೆ ಹೊಸ ಪ್ಯಾಕೇಜೇ ತಾನು ಸ್ಥಾಪಿತವಾಗುವ ಮೊದಲು ಹಳೆಯದರ ಲಿಪಿಯನ್ನು ನಿಷ್ಕ್ರಿಯಗೊಳಿಸುವ ಏರ್ಪಾಡನ್ನು ಮಾಡಬೇಕಾಯಿತು.

ಪರದೆ ತುಂಬುವ ಪಟ್ಟಿಯ ವಿಷಯಕ್ಕೆ ಈಗ ಮರಳಬಹುದು. ಅವಲಂಬನೆಗಳೂ ವಿರೋಧಗಳೂ ಕೂಡಿದಾಗ, ಕೇಳಿದ ಪ್ಯಾಕೇಜನ್ನು ಸ್ಥಾಪಿಸಲು ಸಾಧ್ಯವೇ ಎಂಬ ಪ್ರಶ್ನೆ ಎನ್‌ಪಿ-ಪೂರ್ಣ ವರ್ಗದ್ದೆಂದು ಯೂರೋಪಿನ ಎಡೋಸ್ ಯೋಜನೆಯ ವಿದ್ವಾಂಸರು 2006ರಲ್ಲಿ ತೋರಿಸಿದರು. ‘ಇದು ಅಥವಾ ಅದು ಬೇಕು’, ‘ಇದೂ ಅದೂ ಕೂಡಿ ಇರಕೂಡದು’ ಎಂಬ ಎರಡು ಬಗೆಯ ವಾಕ್ಯಗಳಿದ್ದರೆ ತರ್ಕಶಾಸ್ತ್ರದ ಯಾವ ಸೂತ್ರವನ್ನಾದರೂ ಪ್ಯಾಕೇಜುಗಳ ರೂಪದಲ್ಲಿ ಬರೆಯಬಹುದು. ಸೂಸೆ ಸಂಸ್ಥೆಯಲ್ಲಿ ಬೆಳೆದು ಫೆಡೋರಾದ ಡಿಎನ್‌ಎಫ್ ಸಾಧನವೂ ಬಳಸುವ ಲಿಬ್‌ಸಾಲ್ವ್ ಈ ತರ್ಕಸೂತ್ರಗಳ ಪರಿಹಾರವಿಧಾನವನ್ನೇ ಆಧರಿಸಿದೆ. 2025ರಲ್ಲಿ ಬಂದ ಆಪ್ಟ್ 3.0ರಲ್ಲಿಯೂ ಹೊಸ ಪರಿಹಾರಕವೊಂದಿದೆ. ಆದರೆ ಯಂತ್ರದ ದೃಷ್ಟಿಯಲ್ಲಿ ಒಂದು ಪ್ಯಾಕೇಜನ್ನು ತೆಗೆದುಹಾಕುವುದೂ ವಿರೋಧಕ್ಕೆ ಪರಿಹಾರವೇ ಎಂಬುದನ್ನು ಮರೆಯಲಾಗದು. ನಮಗೆ ಬೇಕಾದದ್ದು ಯಾವುದೆಂದು ಅದಕ್ಕೆ ಗೊತ್ತಿಲ್ಲ.

ಆದ್ದರಿಂದ ಪಟ್ಟಿಯನ್ನು ಓದುವ ಕೆಲಸ ಮನುಷ್ಯನದೇ. ಆಪ್ಟ್‌ನ ಸಾಧಾರಣ ಉನ್ನತೀಕರಣದ ಆದೇಶವು ಯಾವ ಪ್ಯಾಕೇಜನ್ನೂ ತೆಗೆಯುವುದಿಲ್ಲ. ಪೂರ್ಣ ಉನ್ನತೀಕರಣದ ಆದೇಶ ತೆಗೆಯಬಲ್ಲದು. ಹೆಸರು ಬದಲಾದ ಲೈಬ್ರರಿಗೆ ಹಳೆಯದು ಹೊರಗೆ ಹೋಗಲೇಬೇಕಾದ್ದರಿಂದ, ಸಾಧಾರಣ ಆದೇಶದಲ್ಲಿ ಅಂಥವು ‘ತಡೆಹಿಡಿಯಲಾಗಿದೆ’ ಎಂಬ ಪಟ್ಟಿಯಲ್ಲಿ ನಿಲ್ಲುತ್ತವೆ. ಅದು ದೋಷವಲ್ಲ, ಸೂಚನೆ. ಆಗ ಪೂರ್ಣ ಆದೇಶವನ್ನು ಮೊದಲು ಅನುಕರಣದ ರೀತಿಯಲ್ಲಿ, ಎಂದರೆ ಏನನ್ನೂ ಬದಲಿಸದೆ ಫಲವನ್ನು ಮಾತ್ರ ತೋರಿಸುವಂತೆ, ನಡೆಸಿ ನೋಡಬೇಕು. ತೆಗೆಯಲಾಗುವ ಪ್ರತಿಯೊಂದು ಹೆಸರಿನ ಎದುರಿಗೆ ಬರಲಿರುವ ಹೆಸರನ್ನು ಹುಡುಕಬೇಕು. ಲಿಬ್‌ಎಸ್‌ಎಸ್‌ಎಲ್3 ಹೋಗಿ ಅದೇ ಹೆಸರು ಟಿ64 ಬಾಲದೊಡನೆ ಬರುವುದಾದರೆ ಭಯಕ್ಕೆ ಕಾರಣವಿಲ್ಲ. ಜೊತೆ ಸಿಕ್ಕದ ಹೆಸರುಗಳೇ ವಿಚಾರಣೆಗೆ ಯೋಗ್ಯವಾದವು. ಅವು ಹೆಚ್ಚಾಗಿ ಎರಡು ಬಗೆ: ವಿತರಣೆಯಿಂದ ಹೊರಗೆ, ಬೇರೆ ಮೂಲದಿಂದ ತಂದು ಹಾಕಿದವು, ಇಲ್ಲವೆ ಹಿಂದೆಂದೋ ಬದಲಾಗದಂತೆ ಬಿಗಿದು ಮರೆತವು. ಆಪ್ಟ್-ಕ್ಯಾಷ್ ಪಾಲಿಸಿ ಎಂಬ ಆದೇಶ ಮೂಲವನ್ನೂ, ಆಪ್ಟ್-ಮಾರ್ಕ್ ಷೋಹೋಲ್ಡ್ ಎಂಬುದು ಬಿಗಿದವನ್ನೂ ತೋರಿಸುತ್ತವೆ.

ಹೊರಗಿನ ಪ್ಯಾಕೇಜು ಹಳೆಯ ಹೆಸರನ್ನೇ ಹಟ ಹಿಡಿದು ಕೇಳುವಾಗ, ಈಕ್ವಿವ್ಸ್ ಎಂಬ ಸಾಧನದಿಂದ ಆ ಹೆಸರಿನ ಬರಿಯ ಪ್ಯಾಕೇಜೊಂದನ್ನು ತಯಾರಿಸಿ ಅದರ ಬಾಯಿ ಮುಚ್ಚಿಸುವವರುಂಟು. 64 ಬಿಟ್ಟಿನ ಯಂತ್ರದಲ್ಲಿ ಇದರಿಂದ ಕೆಲಸ ಸಾಗಬಹುದು. 32 ಬಿಟ್ಟಿನ ಆರ್ಮ್ ಯಂತ್ರದಲ್ಲಿ ಸ್ಥಾಪನೆಯೇನೋ ನಿರ್ವಿಘ್ನವಾಗಿ ಮುಗಿಯುತ್ತದೆ. ಆಮೇಲೆ ಕಾರ್ಯಕ್ರಮವು 8 ಬೈಟುಗಳಲ್ಲಿ 4ನ್ನು ಮಾತ್ರ ಓದಿ, ಮಿಕ್ಕ 4ನ್ನು ಬೇರೆ ಯಾವುದೋ ಸಂಖ್ಯೆಯೆಂದು ತಿಳಿದು ಮುಂದುವರಿಯುತ್ತದೆ. ಅಂಥ ತಪ್ಪನ್ನು ಯಾವ ಅವಲಂಬನೆಯ ಪಟ್ಟಿಯೂ ತೋರಿಸದು. ಅಲ್ಲಿ ಕಾರ್ಯಕ್ರಮವನ್ನು ಪುನಃ ಕಟ್ಟಿಸಬೇಕು, ಇಲ್ಲವೆ ಬಿಡಬೇಕು.

2025ರ ಆಗಸ್ಟ್ 9ರಂದು ಪ್ರಕಟವಾದ ಡೆಬಿಯನ್ 13 ಈ ಟಿ64 ಹೆಸರುಗಳೊಡನೆಯೇ ಬಂದಿದೆ. ಆಯಾ ಲೈಬ್ರರಿಗಳ ಸೋನೇಮ್ ಬದಲಾದಂತೆಲ್ಲ ಈ ಬಾಲಗಳು ಒಂದೊಂದಾಗಿ ಉದುರುತ್ತವೆ. ಯಾವಾಗ ಎಂಬುದು ಮೂಲಕರ್ತರನ್ನು ಅವಲಂಬಿಸಿದೆ. ಸಂಕುಚನದ ಲೈಬ್ರರಿಯಾದ ಝಡ್‌ಲಿಬ್‌ನ ಸೋನೇಮಿನ ಅಂಕಿ ಅಂದಿನಿಂದಲೂ 1 ಆಗಿಯೇ ಇದೆ. ಅದರ ಪ್ಯಾಕೇಜಿನ ಹೆಸರು ಡೆಬಿಯನ್ 13ರಲ್ಲಿಯೂ ಝಡ್‌ಲಿಬ್1ಜಿ; ಆ ಕೊನೆಯ ಅಕ್ಷರ 1998ರ ಸಂಕ್ರಮಣದ್ದು.